ಇಂದಿನ ಧಮ್ಮ ಚಿಂತನೆ: ಮಡಿ ಬೇರೆ, ಸ್ವಚ್ಛತೆ ಬೇರೆ

ನಮ್ಮದು ಬೆಲ್ಲದ ಬಾಗೇವಾಡಿಯ ಅಧ್ಯಯನ ಬಳಗ. ಇವತ್ತಿನ ಚಿಂತನೆ ಬರೆಯುವ ಸರದಿ ನನ್ನದು. ನಾನು ಆರಿಸಿಕೊಂಡ ವಿಷಯ ಅಡಿಗೆಮನೆಯ ಕಟ್ಟೆಯ ಮೇಲೆ ಇಡುವ ಕರೆಂಟಿನ ಗ್ರಿಲ್. ಅದನ್ನು ಬಳಸುವುದು ಹೇಗೆ, ತೊಳೆಯುವುದು ಹೇಗೆ, ಮುಖ್ಯವಾಗಿ ತೊಳೆಯುವವರು ಯಾರು ಎಂಬುದು.

"ಇದೂ ಒಂದು ಧಮ್ಮದ ವಿಷಯವೇ?" ಎಂದು ಕೆಲವರಿಗೆ ಅನಿಸಬಹುದು. ಧಮ್ಮ ಇರುವುದು ಮನುಷ್ಯ ಮನುಷ್ಯನ ಜೊತೆ ಹೇಗೆ ಬಾಳಬೇಕು ಎಂಬುದನ್ನು ಕಲಿಸಲು ಎಂದು ಬಾಬಾಸಾಹೇಬರು ನಮಗೆ ತಿಳಿಸಿಕೊಟ್ಟರು. ಮನುಷ್ಯರು ದಿನಕ್ಕೆ ಎರಡು-ಮೂರು ಸಲ ಒಟ್ಟಿಗೆ ಸೇರುವ ಜಾಗ ಅಡಿಗೆಮನೆ. ಜಾತಿ ಹುಟ್ಟಿ ಬೆಳೆದದ್ದೂ ಅಲ್ಲಿಯೇ. ಆದ್ದರಿಂದ ಧಮ್ಮವೂ ಅಲ್ಲಿಗೆ ಹೋಗಲೇಬೇಕು.

*ಮೊದಲು ಆ ಸಾಮಾನಿನ ಬಗ್ಗೆ*

ಮಕ್ಕಳು ಬೆಳಗಾವಿ, ಪುಣೆ, ಬೆಂಗಳೂರು ಎಂದು ನೌಕರಿಗೆ ಹೋದ ಮೇಲೆ ಊರಿಗೆ ಬರುವಾಗ ಏನಾದರೊಂದು ತರುತ್ತಾರೆ. ನಮ್ಮ ಮಗಳು ಭೀಮ ಜಯಂತಿಗೆ ಬಂದಾಗ ಈ ಗ್ರಿಲ್ ತಂದಳು. ಅಂಗಡಿಯಲ್ಲಿ ಇದನ್ನೇ ಸ್ಯಾಂಡ್‌ವಿಚ್ ಮೇಕರ್, ಗ್ರಿಲ್ ಟೋಸ್ಟರ್ ಎಂದೂ ಕರೆಯುತ್ತಾರೆ. ನೋಡಲು ಪುಸ್ತಕದ ಹಾಗೆ. ತೆರೆದರೆ ಮೇಲೊಂದು ಕೆಳಗೊಂದು ತಟ್ಟೆ, ಎರಡರ ಹಿಂದೆಯೂ ಕಾಯುವ ತಂತಿ. ನಡುವೆ ತಿನ್ನುವ ಪದಾರ್ಥ ಇಟ್ಟು ಮುಚ್ಚಿದರೆ ಎರಡೂ ಕಡೆಯಿಂದ ಒಮ್ಮೆಗೇ ಕಾವು ಹತ್ತುತ್ತದೆ. ಹಂಚಿನ ಮೇಲಿನ ಹಾಗೆ ತಿರುವಿ ಹಾಕುವ ಕೆಲಸವಿಲ್ಲ, ಹೊತ್ತೂ ಹೆಚ್ಚುಕಡಿಮೆ ಅರ್ಧ ಸಾಕು. ತಟ್ಟೆಯ ಮೇಲೆ ಉಬ್ಬಿದ ಗೆರೆಗಳಿರುತ್ತವೆ. ಇಳಿಜಾರಿನ ತಟ್ಟೆ ಇರುವ ಗ್ರಿಲ್‌ನಲ್ಲಿ ಎಣ್ಣೆ, ಕೊಬ್ಬು ಆ ಗೆರೆಗಳ ನಡುವೆ ಹರಿದು ಮುಂದಿನ ಸಣ್ಣ ತಟ್ಟೆಗೆ ಬೀಳುತ್ತದೆ.

ಹೆಸರು ಸ್ಯಾಂಡ್‌ವಿಚ್ ಮೇಕರ್ ಎಂದಿದ್ದರೂ ಬ್ರೆಡ್ಡೇ ಆಗಬೇಕೆಂದಿಲ್ಲ. ನಾನು ಬದನೆಕಾಯಿಯನ್ನು ಬೆರಳು ದಪ್ಪ ಹೋಳು ಮಾಡಿ, ಉಪ್ಪು-ಖಾರ-ಎಣ್ಣೆ ಸವರಿ ಇಡುತ್ತೇನೆ. ನಿನ್ನೆಯ ಜೋಳದ ರೊಟ್ಟಿಗೆ ಒಂದಿಷ್ಟು ನೀರು ಚಿಮುಕಿಸಿ, ಶೇಂಗಾ ಚಟ್ನಿ ಹಚ್ಚಿ, ಮಡಚಿ ಎರಡು ನಿಮಿಷ ಇಟ್ಟರೆ ಸಂಜೆ ಶಾಲೆಯಿಂದ ಬಂದ ಮೊಮ್ಮಗ ಕುರುಕಲು ತಿಂಡಿ ಕೇಳುವುದಿಲ್ಲ. ಕೋಳಿಯ ಎಲುಬಿಲ್ಲದ ತುಂಡನ್ನು ತೆಳ್ಳಗೆ ಮಾಡಿ ಇಟ್ಟರೆ ಅದೂ ಚೆನ್ನಾಗಿ ಬೇಯುತ್ತದೆ. ದಪ್ಪ ತುಂಡು ಇಟ್ಟರೆ ಮೇಲೆ ಕರಿದಾಗುತ್ತದೆ, ಒಳಗೆ ಹಸಿ ಉಳಿಯುತ್ತದೆ. ಕತ್ತರಿಸಿ ನೋಡಿ, ಒಳಗೆ ಕೆಂಪು ಕಂಡರೆ ಮತ್ತೆ ಮುಚ್ಚಿ.

ಕರೆಂಟಿನ ಲೆಕ್ಕವನ್ನೂ ಹೇಳುತ್ತೇನೆ. 750 ವ್ಯಾಟ್‌ನ ಗ್ರಿಲ್ ಹತ್ತು ನಿಮಿಷ ಉರಿದರೆ ಒಂದು ಯೂನಿಟ್‌ನ ಎಂಟನೆಯ ಒಂದು ಪಾಲು. ಅದಕ್ಕಿಂತ ದೊಡ್ಡ ಲೆಕ್ಕ ಅರ್ಥಿಂಗ್‌ನದು. ಪ್ಲಗ್ಗಿಗೆ ಮೂರು ಕಡ್ಡಿ ಇದ್ದರೆ ಗೋಡೆಯಲ್ಲೂ ಮೂರು ತೂತಿನ ಸಾಕೆಟ್ಟೇ ಬೇಕು, ಅದಕ್ಕೆ ಸರಿಯಾದ ಅರ್ಥಿಂಗ್ ಇರಬೇಕು. ಮೂರನೆಯ ಕಡ್ಡಿ ಮುರಿದು ಎರಡು ತೂತಿಗೆ ತುರುಕುವುದು ಜಾಣತನವಲ್ಲ, ಜೀವಕ್ಕೆ ಅಪಾಯ.

*ತೊಳೆಯುವ ವಿಧಾನ*

ಈ ಯಂತ್ರ ಕೊಂಡ ಬಹಳ ಮನೆಗಳಲ್ಲಿ ಅದು ಮೂರು ತಿಂಗಳಿಗೆ ಅಟ್ಟ ಸೇರುತ್ತದೆ. ಕಾರಣ ತಿನ್ನುವುದು ಸುಲಭ, ತೊಳೆಯುವುದು ಬೇಸರ. ವಿಧಾನ ಗೊತ್ತಿದ್ದರೆ ಆ ಬೇಸರವೂ ಇಲ್ಲ.

ಒಂದು: ಮೊದಲು ಗುಂಡಿ ಆರಿಸಿ, ಪ್ಲಗ್ ಕಿತ್ತು ಹೊರಗೆ ಇಡಬೇಕು. ಗುಂಡಿ ಆರಿಸಿದರೆ ಸಾಲದು.

ಎರಡು: ಪೂರ್ತಿ ಆರಲು ಬಿಡಬಾರದು, ಕುದಿ ಬಿಸಿಯಲ್ಲೂ ಮುಟ್ಟಬಾರದು. ಕೈ ಹತ್ತಿರ ಒಯ್ದರೆ ಬೆಚ್ಚಗೆ ಅನಿಸುವಷ್ಟು ಕಾವು ಇರುವಾಗ ಒದ್ದೆ ಬಟ್ಟೆಯನ್ನು ಹಿಂಡಿ, ನಾಲ್ಕು ಮಡಿಕೆ ಮಾಡಿ, ಎರಡು ತಟ್ಟೆಗಳ ನಡುವೆ ಇಟ್ಟು ಮುಚ್ಚಬೇಕು. ಐದು ನಿಮಿಷದಲ್ಲಿ ಒಳಗಿನ ಹಬೆಗೆ ಅಂಟಿದ್ದೆಲ್ಲ ಮೆತ್ತಗಾಗುತ್ತದೆ. ಆಮೇಲೆ ಗೆರೆಯ ಉದ್ದಕ್ಕೆ ಒರೆಸಿದರೆ ಬಟ್ಟೆಗೇ ಬರುತ್ತದೆ.

ಮೂರು: ಇನ್ನೂ ಅಂಟಿದ್ದರೆ ಅಡಿಗೆ ಸೋಡಾಕ್ಕೆ ಸ್ವಲ್ಪ ನೀರು ಕಲಸಿ ಹಚ್ಚಿ, ಹತ್ತು ನಿಮಿಷ ಬಿಟ್ಟು, ಮೆತ್ತನೆಯ ಸ್ಪಂಜಿನಿಂದ ಒರೆಸಬೇಕು. ತಂತಿಯ ಸ್ಕ್ರಬ್ಬರ್, ಬೂದಿ, ಚಾಕು ಬೇಡವೇ ಬೇಡ. ತಟ್ಟೆಯ ಮೇಲಿರುವುದು ನಾನ್‌ಸ್ಟಿಕ್ ಲೇಪನ. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಎಂಬ ರಸಾಯನ ವಿಜ್ಞಾನಿ ಬೇರೇನೋ ಹುಡುಕುತ್ತಿದ್ದಾಗ ಕಂಡುಕೊಂಡ ವಸ್ತು ಅದು. ಅದಕ್ಕೆ ಏನೂ ಅಂಟುವುದಿಲ್ಲ, ಆದರೆ ಗೀರು ಬಿದ್ದರೆ ಅಂಟಲು ಶುರುವಾಗುತ್ತದೆ. ಪದಾರ್ಥ ತೆಗೆಯಲೂ ಕಟ್ಟಿಗೆಯ ಚಮಚವನ್ನೇ ಬಳಸಿ. ಖಾಲಿ ಗ್ರಿಲ್ಲನ್ನು ಸುಮ್ಮನೆ ಹೊತ್ತುಗಟ್ಟಲೆ ಕಾಯಿಸುವುದೂ ಆ ಲೇಪನಕ್ಕೆ ಕೆಟ್ಟದ್ದು.

ನಾಲ್ಕು: ಇಡೀ ಯಂತ್ರವನ್ನು ನಳದ ಕೆಳಗೆ ಹಿಡಿಯಬಾರದು, ಬಕೆಟ್ಟಿನಲ್ಲಿ ಮುಳುಗಿಸಬಾರದು. ಒಳಗೆ ತಂತಿ ಇದೆ. ತಟ್ಟೆ ಬಿಚ್ಚಿ ಬರುವಂತಿದ್ದರೆ ಅದನ್ನಷ್ಟೇ ಬಿಚ್ಚಿ ತೊಳೆಯಬಹುದು. ಎಣ್ಣೆ ಬೀಳುವ ಸಣ್ಣ ತಟ್ಟೆಯನ್ನು ಅಂದೇ ತೊಳೆಯಬೇಕು, ಬಿಟ್ಟರೆ ಜಿರಲೆಗೆ ಹಬ್ಬ.

ಐದು: ಕೀಲಿನ ಸಂದಿ. ಎರಡು ತಟ್ಟೆ ಕೂಡುವ ಹಿಂದಿನ ಜಾಗವನ್ನು ಯಾರೂ ನೋಡುವುದಿಲ್ಲ. ಅಲ್ಲಿ ಕರಿ ಜಿಡ್ಡು ಕೂಡುತ್ತದೆ. ಹಳೆಯ ಹಲ್ಲುಜ್ಜುವ ಬ್ರಶ್ಶಿಗೆ ಒದ್ದೆ ಬಟ್ಟೆ ಸುತ್ತಿ ತೆಗೆಯಬೇಕು.

ಇಷ್ಟೇ. ಒಟ್ಟು ಹತ್ತು-ಹದಿನೈದು ನಿಮಿಷದ ಕೆಲಸ, ಅದರಲ್ಲಿ ಅರ್ಧ ಹೊತ್ತು ಹಬೆಯೇ ದುಡಿಯುತ್ತದೆ.

*ಎರಡು ಬಗೆಯ ಶುದ್ಧಿ*

ಈಗ ಒಂದು ಪ್ರಶ್ನೆ. ಈ ಐದು ಹೆಜ್ಜೆಗಳಲ್ಲಿ ಎಲ್ಲಿಯಾದರೂ "ಯಾರು ಮುಟ್ಟಿದರು" ಎಂಬ ಮಾತು ಬಂತೇ? ಇಲ್ಲ. ತಟ್ಟೆಯ ಮೇಲೆ ಏನಿದೆ, ಅದು ಹೋಯಿತೇ ಇಲ್ಲವೇ, ಇಷ್ಟೇ ವಿಷಯ. ಕಣ್ಣಿಗೆ ಕಾಣುತ್ತದೆ, ಬೆರಳಿಗೆ ಗೊತ್ತಾಗುತ್ತದೆ, ಯಾರು ಬೇಕಾದರೂ ಪರೀಕ್ಷೆ ಮಾಡಿ ನೋಡಬಹುದು. ಇದಕ್ಕೆ ಸ್ವಚ್ಛತೆ ಎನ್ನುತ್ತಾರೆ.

ಮಡಿ ಎಂಬುದು ಇದಕ್ಕೆ ತಲೆಕೆಳಗು. ಅಲ್ಲಿ ಪಾತ್ರೆಯ ಮೇಲೆ ಏನಿದೆ ಎಂಬ ಪ್ರಶ್ನೆಯೇ ಏಳುವುದಿಲ್ಲ, ಯಾರ ಕೈ ತಾಕಿತು ಎಂಬುದೊಂದೇ ಪ್ರಶ್ನೆ. ನಮ್ಮವ್ವ ದೊಡ್ಡ ಮನೆಗಳ ಲಗ್ನಕ್ಕೆ ಹಂಡೆ, ಕೊಪ್ಪರಿಗೆ ತಿಕ್ಕಲು ಹೋಗುತ್ತಿದ್ದಳು. ಹಿತ್ತಲಿನಲ್ಲಿ ಕೂತು, ಹುಣಸೆಹಣ್ಣು-ಬೂದಿ ಹಾಕಿ, ಮುಖ ಕಾಣುವ ಹಾಗೆ ಬೆಳಗುತ್ತಿದ್ದಳು. ಬೆಳಗಿ ಬೋರಲು ಹಾಕಿದ ಮೇಲೆ ಆ ಮನೆಯವರು ಬಂದು ಒಂದು ಹಿಡಿ ನೀರು ಚಿಮುಕಿಸಿ, ಆಮೇಲೆ ಒಳಗೆ ಒಯ್ಯುತ್ತಿದ್ದರು. ಯೋಚಿಸಿ ನೋಡಿ. ಜಿಡ್ಡು ತೆಗೆದವಳು ಇವಳು. ಆ ಒಂದು ಹಿಡಿ ನೀರು ಏನನ್ನು ತೆಗೆಯಿತು? ಅದು ತೆಗೆದದ್ದು ಪಾತ್ರೆಯ ಮೇಲೆ ಇಲ್ಲದ, ಅವರ ತಲೆಯಲ್ಲಿ ಮಾತ್ರ ಇದ್ದ ಒಂದು ಕಲೆಯನ್ನು.

ಮಹಾಡದಲ್ಲಿ ಆದದ್ದೂ ಇದೇ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ನಡೆದು ಹೋಗಿ ಚವದಾರ್ ಕೆರೆಯ ನೀರು ಕುಡಿದರು. ಆ ಕೆರೆಯಲ್ಲಿ ದನಕರು ನೀರು ಕುಡಿದರೆ ಯಾರಿಗೂ ತೊಂದರೆ ಇರಲಿಲ್ಲ. ಮನುಷ್ಯರು ಕುಡಿದ ಮೇಲೆ ಕೆರೆ ಮೈಲಿಗೆಯಾಯಿತು ಎಂದರು. 108 ಮಣ್ಣಿನ ಕೊಡ ಬಳಸಿ, ಸೆಗಣಿ, ಗಂಜಲ, ಹಾಲು, ಮೊಸರು ಸುರಿದು, ಮಂತ್ರ ಹೇಳಿ ಕೆರೆಯನ್ನು ಶುದ್ಧ ಮಾಡಿದರು. ಕುಡಿಯುವ ನೀರಿಗೆ ಸೆಗಣಿ ಹಾಕಿದ್ದು ಶುದ್ಧಿ, ಬಾಯಾರಿದವರು ಬೊಗಸೆ ಅದ್ದಿದ್ದು ಅಶುದ್ಧಿ! ಮಡಿಗೂ ಸ್ವಚ್ಛತೆಗೂ ಎಷ್ಟು ದೂರ ಎಂದು ತೋರಿಸಲು ಇದಕ್ಕಿಂತ ದೊಡ್ಡ ಪುರಾವೆ ಬೇಕಿಲ್ಲ.

ಅದೇ ಮಹಾಡದ ಸಭೆಯಲ್ಲಿ ಬಾಬಾಸಾಹೇಬರು ನಮ್ಮವರಿಗೂ ಖಡಕ್ಕಾಗಿ ಹೇಳಿದರು: ಸತ್ತ ದನದ ಮಾಂಸ ಬಿಡಿ, ಬೇರೆಯವರು ಬಿಸಾಡಿದ ತುತ್ತು ಬಿಡಿ, ಸ್ವಚ್ಛವಾಗಿ ಬಾಳಿ ಎಂದು. ಇದನ್ನು ಮರೆಯಬಾರದು. ಮಡಿ ಸುಳ್ಳು ಎಂದು ಹೇಳಿದವರೇ ಸ್ವಚ್ಛತೆ ನಿಜ ಎಂದೂ ಹೇಳಿದರು. "ನಾವು ಮಡಿ-ಮೈಲಿಗೆ ನಂಬುವುದಿಲ್ಲ" ಎಂದು ಹೇಳಿಕೊಂಡು ಜಿಡ್ಡು ಹಿಡಿದ ಗ್ರಿಲ್‌ನಲ್ಲಿ ಮಾಡಿ ತಿನ್ನುವುದು ಅಂಬೇಡ್ಕರ್‌ವಾದವಲ್ಲ, ಆಲಸ್ಯ.

*ಬೆಂಕಿಗೆ ಜಾತಿಯಿಲ್ಲ*

ಮಜ್ಝಿಮ ನಿಕಾಯದಲ್ಲಿ ಅಸ್ಸಲಾಯನ ಎಂಬ ಬ್ರಾಹ್ಮಣ ಯುವಕನ ಸಂವಾದ ಬರುತ್ತದೆ. ತನ್ನ ವರ್ಣವೇ ಶ್ರೇಷ್ಠ, ಉಳಿದವರು ಕೀಳು ಎಂದು ವಾದಿಸಲು ಅವನು ಬುದ್ಧರ ಬಳಿ ಬಂದ. ಬುದ್ಧರು ಸಿಟ್ಟಾಗಲಿಲ್ಲ, ಒಂದು ಪ್ರಶ್ನೆ ಕೇಳಿದರು. ಮೇಲಿನ ಕುಲದವರು ಗಂಧದ ಕಟ್ಟಿಗೆ ತಂದು ಬೆಂಕಿ ಮಾಡುತ್ತಾರೆ. ಚಂಡಾಲರ ಮನೆಯವರು ನಾಯಿಗೆ, ಹಂದಿಗೆ ನೀರು ಹಾಕುವ ಮರದ ಬಾನಿಯ ತುಂಡು, ಔಡಲ ಕಡ್ಡಿ ತಂದು ಬೆಂಕಿ ಮಾಡುತ್ತಾರೆ. ಮೊದಲನೆಯ ಬೆಂಕಿಗೆ ಮಾತ್ರ ಜ್ವಾಲೆ, ಬಣ್ಣ, ಬೆಳಕು ಇರುತ್ತದೆಯೇ? ಅದರಿಂದ ಮಾತ್ರ ಬೆಂಕಿಯ ಕೆಲಸ ಆಗುತ್ತದೆಯೇ? ಎರಡನೆಯದರಿಂದ ಆಗುವುದಿಲ್ಲವೇ? ಅಸ್ಸಲಾಯನ ಇಲ್ಲ ಎನ್ನಲಾರದೆ ಒಪ್ಪಿಕೊಂಡ: ಎರಡೂ ಬೆಂಕಿಯೇ, ಎರಡೂ ಸುಡುತ್ತವೆ, ಎರಡೂ ಬೆಳಗುತ್ತವೆ.

ನಮ್ಮ ತಾಲೂಕಿನಲ್ಲಿ ಆ ಮಾತನ್ನು ತಂತಿಯಲ್ಲೇ ನೋಡಬಹುದು. ಇಲ್ಲಿ ಕರೆಂಟು ಹಂಚುವುದು 1969ರಲ್ಲಿ ಆರಂಭವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ಇಡೀ ಕರ್ನಾಟಕದಲ್ಲಿ ಸಹಕಾರಿ ಸಂಘವೊಂದು ಮನೆಮನೆಗೆ ವಿದ್ಯುತ್ ಹಂಚುವುದು ಇದೊಂದೇ ಕಡೆ. ಅದೇ ಕಂಬದಿಂದ ಬಂದ ಕರೆಂಟು ಮೇಲಿನ ಓಣಿಯ ಗ್ರಿಲ್ಲನ್ನೂ ಕಾಯಿಸುತ್ತದೆ, ನಮ್ಮ ಕೇರಿಯ ಗ್ರಿಲ್ಲನ್ನೂ ಕಾಯಿಸುತ್ತದೆ. ಯಾವ ತಟ್ಟೆಯೂ ಪ್ಲಗ್ ಹಾಕಿದವರ ಹೆಸರು ಕೇಳಿ ಬಿಸಿಯಾಗುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ, ಅದನ್ನು ತಪ್ಪಿಸಬಾರದು. ಒಂದು ದಿನ ಪರಿಚಯದ ಹೆಣ್ಣುಮಗಳೊಬ್ಬಳು ಸಂಘದ ಲೆಕ್ಕದ ಪುಸ್ತಕ ಹಿಡಿದು ಮನೆಗೆ ಬಂದಿದ್ದಳು. ಗ್ರಿಲ್ ನೋಡಿ ಮೆಲ್ಲಗೆ ಕೇಳಿದಳು:

"ಅಕ್ಕಾ, ಇದರಾಗ ತತ್ತಿ, ಕೋಳಿ ಎಲ್ಲಾ ಮಾಡ್ತೀರೇನು?"

"ಹೂನವಾ. ಮೊನ್ನೆ ಆದಿತವಾರ ಕೋಳಿ ಮಾಡಿದ್ವಿ. ತೊಳದೀನಿ. ಆದ್ರ ನಿನಗ ಮನಸ್ಸಿಗೆ ಬರಲಿಲ್ಲಂದ್ರ ಹಂಚಿನ ಮ್ಯಾಲೆ ರೊಟ್ಟಿ ಬಿಸಿ ಮಾಡಿ ಕೊಡ್ತೀನಿ. ಆ ಹಂಚಿಗೆ ರೊಟ್ಟಿ ಬಿಟ್ಟು ಮತ್ತೇನೂ ಹಾಕೂದಿಲ್ಲ."

"ಹಂಗಾದ್ರ ಹಂಚಿಂದೇ ಕೊಡ್ರೆಕ್ಕಾ. ನಾ ತಿನ್ನೂದಿಲ್ಲ, ಅದಕ್ಕ ಕೇಳಿದೆ."

ಹಂಚಿನ ರೊಟ್ಟಿ, ಚಟ್ನಿ ತಿಂದಳು, ನಮ್ಮ ಕೊಡದ ನೀರು ಕುಡಿದಳು, ಇನ್ನೊಂದು ರೊಟ್ಟಿ ಕೇಳಿ ಹಾಕಿಸಿಕೊಂಡಳು. ಇದರಲ್ಲಿ ನನಗೆ ಅವಮಾನ ಏನೂ ಕಾಣಲಿಲ್ಲ. ಅವಳು ಕೇಳಿದ್ದು ತಟ್ಟೆಯ ಮೇಲೆ ಏನಿತ್ತು ಎಂದು, ಅದು ಅವಳ ಊಟದ ಆಯ್ಕೆ. ಆ ಆಯ್ಕೆಗೆ ನಿಜ ಹೇಳುವುದು ನನ್ನ ಶೀಲ. "ಇಲ್ಲವ್ವಾ, ಏನೂ ಹಾಕಿಲ್ಲ" ಎಂದು ಸುಳ್ಳು ಹೇಳಿ ತಿನ್ನಿಸಿದ್ದರೆ ನಾಲ್ಕನೆಯ ಶೀಲ ಮುರಿಯುತ್ತಿತ್ತು.

ಇನ್ನೊಬ್ಬರು ಬರುತ್ತಾರೆ. ಕುರ್ಚಿಯಲ್ಲಿ ಕೂರುತ್ತಾರೆ, ನಗುನಗುತ್ತ ಮಾತಾಡುತ್ತಾರೆ. ಅಂಗಡಿಯಿಂದ ತಂದ, ಸೀಲು ಒಡೆಯದ ನೀರಿನ ಬಾಟಲಿ ಕೊಟ್ಟರೆ ಕುಡಿಯುತ್ತಾರೆ, ನಮ್ಮ ಲೋಟದ ನೀರು ಕೊಟ್ಟರೆ "ಈಗಷ್ಟ ಕುಡದ ಬಂದೀನ್ರಿ" ಎನ್ನುತ್ತಾರೆ. ಅವರಿಗೆ ಲೋಟದಲ್ಲಿ ಏನಿದೆ ಎಂಬ ಚಿಂತೆಯಲ್ಲ, ಲೋಟ ಯಾರದು ಎಂಬ ಚಿಂತೆ. ಸಂವಿಧಾನದ 17ನೆಯ ವಿಧಿ ರದ್ದು ಮಾಡಿದ್ದು ಇದನ್ನೇ. ಮೊದಲನೆಯವಳ ಪ್ರಶ್ನೆಗೆ ಸೌಜನ್ಯದಿಂದ ಉತ್ತರಿಸೋಣ. ಎರಡನೆಯವರ ನೆಪವನ್ನು ಅದರ ನಿಜ ಹೆಸರಿನಿಂದಲೇ ಗುರುತಿಸೋಣ. ಎರಡನ್ನೂ ಒಂದೇ ಎಂದು ತಿಳಿದರೆ ಸ್ನೇಹಿತರನ್ನೂ ಕಳೆದುಕೊಳ್ಳುತ್ತೇವೆ, ಅನ್ಯಾಯವನ್ನೂ ಗುರುತಿಸದೆ ಹೋಗುತ್ತೇವೆ.

*ಬಟ್ಟೆಯ ಕೊಳೆ, ಮನಸ್ಸಿನ ಕೊಳೆ*

ಬುದ್ಧರು ಕೊಳೆಯ ಬಗ್ಗೆ ಬಹಳ ಸಲ ಮಾತಾಡಿದ್ದಾರೆ. ಕೊಳಕು ಬಟ್ಟೆಯನ್ನು ಎಂಥ ಒಳ್ಳೆಯ ಬಣ್ಣದಲ್ಲಿ ಅದ್ದಿದರೂ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ, ಹಾಗೆಯೇ ಲೋಭ, ದ್ವೇಷ, ಸೊಕ್ಕು, ಹೊಟ್ಟೆಕಿಚ್ಚು ತುಂಬಿದ ಮನಸ್ಸಿಗೆ ಒಳ್ಳೆಯದು ಹತ್ತುವುದಿಲ್ಲ ಎಂದು ವತ್ಥೂಪಮ ಸುತ್ತದಲ್ಲಿ ಉಪಮೆ ಕೊಟ್ಟರು. ಅದನ್ನು ಕೇಳುತ್ತ ಕೂತಿದ್ದ ಸುಂದರಿಕ ಭಾರದ್ವಾಜ ಎಂಬ ಬ್ರಾಹ್ಮಣ, "ಬಾಹುಕಾ ನದಿಗೆ ಸ್ನಾನಕ್ಕೆ ಬರುತ್ತೀರಾ?" ಎಂದು ಕೇಳಿದ. ನದಿಯ ನೀರು ಕೆಟ್ಟ ಕೆಲಸವನ್ನು ತೊಳೆಯಲಾರದು. ಸುಳ್ಳಾಡದೆ, ಜೀವ ಹಿಂಸಿಸದೆ, ಕೊಡದ್ದನ್ನು ತೆಗೆದುಕೊಳ್ಳದೆ ಬಾಳುವವನಿಗೆ ಮನೆಯ ಬಾವಿಯ ನೀರೇ ಸಾಕು ಎಂಬರ್ಥದ ಉತ್ತರ ಅವನಿಗೆ ಸಿಕ್ಕಿತು.

ನಮ್ಮದು ಬೆಲ್ಲದ ಹೆಸರಿನ ಊರು, ಸುತ್ತ ಕಬ್ಬಿನ ಸೀಮೆ. ಬೆಲ್ಲ ಮಾಡುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಕಬ್ಬಿನ ಹಾಲು ಕುದಿಯುವಾಗ ಬೆಂಡೆ ಗಿಡದ ಲೋಳೆ ಹಾಕಿದರೆ ಒಳಗಿನ ಕೊಳೆಯೆಲ್ಲ ಮೇಲೆ ನೊರೆಯಾಗಿ ಬರುತ್ತದೆ. ಅದನ್ನು ಕಾಯ್ದು ಕೂತು ತೆಗೆಯುತ್ತಲೇ ಇರಬೇಕು. "ಆಮೇಲೆ ತೆಗೆದರಾಯಿತು" ಎಂದರೆ ಆ ಕೊಳೆ ಬೆಲ್ಲದೊಳಗೇ ಗಟ್ಟಿಯಾಗುತ್ತದೆ. ಗ್ರಿಲ್ ತಟ್ಟೆಯದೂ ಅದೇ ಕಥೆ. ಬೆಚ್ಚಗಿರುವಾಗ ಒಂದು ಒದ್ದೆ ಬಟ್ಟೆಗೆ ಬರುವ ಜಿಡ್ಡು ಮೂರು ದಿನ ಬಿಟ್ಟರೆ ಕಲ್ಲಾಗುತ್ತದೆ. ಆಗ ಅದನ್ನು ಕೆರೆಯಲು ಹೋದರೆ ಜಿಡ್ಡಿನ ಜೊತೆ ಲೇಪನವೂ ಹೋಗುತ್ತದೆ. ಮನಸ್ಸಿನ ಸಿಟ್ಟೂ ಹಾಗೆಯೇ. ಅತ್ತೆ-ಸೊಸೆ, ಅಣ್ಣ-ತಮ್ಮಂದಿರ ನಡುವೆ ಅಂದಿನದನ್ನು ಅಂದೇ ಮೆತ್ತಗೆ ಮಾತಾಡಿ ಒರೆಸಿದರೆ ಮುಗಿಯಿತು. ವರ್ಷ ಬಿಟ್ಟು ಕೆರೆದರೆ ಸಂಬಂಧವೇ ಗೀರಿಹೋಗುತ್ತದೆ.

ಚೂಳಪಂಥಕ ಭಿಕ್ಷುವಿನ ಕಥೆ ನಿಮಗೆ ಗೊತ್ತಿದೆ. ನಾಲ್ಕು ತಿಂಗಳಾದರೂ ಒಂದು ಗಾಥೆ ಬಾಯಿಪಾಠ ಆಗಲಿಲ್ಲ. ಸ್ವಂತ ಅಣ್ಣನೇ "ನೀನು ಸಂಘಕ್ಕೆ ತಕ್ಕವನಲ್ಲ, ಹೋಗು" ಎಂದ. ಬುದ್ಧರು ಅವನನ್ನು ಕಳಿಸಲಿಲ್ಲ. ಕೈಗೆ ಒಂದು ಶುಭ್ರ ಬಟ್ಟೆ ಕೊಟ್ಟು, ಕೊಳೆ ತೆಗೆಯುವ ಮಾತನ್ನು ಹೇಳುತ್ತ ಅದನ್ನು ಉಜ್ಜುತ್ತಿರು ಎಂದರು. ಉಜ್ಜುತ್ತ ಉಜ್ಜುತ್ತ ಬಿಳಿ ಬಟ್ಟೆ ಕೊಳೆಯಾದದ್ದನ್ನು ಕಂಡು ಅವನಿಗೆ ಅನಿತ್ಯದ ಅರಿವಾಯಿತು. ಪವಾಡದ ಮಾತು ಬದಿಗಿರಲಿ. "ಇವರಿಗೆ ವಿದ್ಯೆ ಹತ್ತುವುದಿಲ್ಲ" ಎಂದು ಯಾರನ್ನು ಹೊರಗೆ ಹಾಕಿದರೋ ಅವರಿಗೆ ಬುದ್ಧರು ಬಾಗಿಲು ತೆರೆದರು, ಕೈಗೆಲಸವನ್ನೇ ಅವರ ಪಾಠಶಾಲೆ ಮಾಡಿದರು. ಕೈಯಲ್ಲಿ ಬಟ್ಟೆ ಹಿಡಿದದ್ದು ಕೀಳು ಕೆಲಸ ಎಂಬ ಮಾತು ಆ ಕಥೆಯಲ್ಲಿ ಎಲ್ಲೂ ಇಲ್ಲ.

*ತಿನ್ನುವವರು ಯಾರು, ತೊಳೆಯುವವರು ಯಾರು?*

ಈಗ ಮುಖ್ಯ ಮಾತಿಗೆ ಬರುತ್ತೇನೆ. ಬಾಬಾಸಾಹೇಬರು 1936ರ ತಮ್ಮ 'ಜಾತಿ ವಿನಾಶ'ದಲ್ಲಿ ಒಂದು ಭೇದ ಗುರುತಿಸಿದರು. ಜಾತಿ ಬರೀ ಕೆಲಸದ ವಿಭಜನೆಯಲ್ಲ, ಕೆಲಸಗಾರರನ್ನೇ ಒಬ್ಬರ ಮೇಲೊಬ್ಬರಂತೆ ಪೇರಿಸಿ ಇಟ್ಟ ವಿಭಜನೆ ಎಂದರು. ಒಬ್ಬರು ರೊಟ್ಟಿ ಮಾಡಿ ಇನ್ನೊಬ್ಬರು ಪಾತ್ರೆ ತೊಳೆದರೆ ಅದು ಕೆಲಸದ ಹಂಚಿಕೆ. ಆದರೆ ಹುಟ್ಟಿನಿಂದಲೇ ಒಬ್ಬರು ತಿನ್ನುವವರು, ಇನ್ನೊಬ್ಬರು ತೊಳೆಯುವವರು, ತೊಳೆಯುವವರು ಕೀಳು ಎಂದಾದರೆ ಅದು ಜಾತಿ.

ಈ ಅಳತೆಗೋಲನ್ನು ನಮ್ಮ ಬೌದ್ಧ ಮನೆಗಳ ಒಳಗೆ ಹಿಡಿದು ನೋಡೋಣ. ಗ್ರಿಲ್ ಬಂದ ಮೊದಲ ವಾರ ನಮ್ಮ ಮನೆಯಲ್ಲಿ ಎಲ್ಲರಿಗೂ ಹುರುಪು. ಮಗ ಮಾಡಿದ, ಮಗಳು ಮಾಡಿದಳು, ನಮ್ಮ ಮನೆಯವರೂ ಬ್ರೆಡ್ಡಿಗೆ ಉಳ್ಳಾಗಡ್ಡಿ ಹಾಕಿ ಮಾಡಿದರು. ಮಾಡಿದವರೆಲ್ಲ ತಿಂದು ಎದ್ದರು. ಗ್ರಿಲ್ ಕಟ್ಟೆಯ ಮೇಲೆ ಬಾಯಿ ತೆರೆದು ಕೂತಿರುತ್ತಿತ್ತು, ಯಾರೂ ಏನೂ ಹೇಳದಿದ್ದರೂ ಅದು ನನ್ನ ಪಾಲಿಗೆ ಬರುತ್ತಿತ್ತು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ಇದೇ ಗಮನಿಸಬೇಕಾದದ್ದು. ಜಾತಿ ಬಹಳ ಸಲ ಕೆಟ್ಟ ಮನಸ್ಸಿನಿಂದ ನಡೆಯುವುದಿಲ್ಲ, ರೂಢಿಯಿಂದ ನಡೆಯುತ್ತದೆ. "ಅದು ಅವಳ ಕೆಲಸ" ಎಂಬ ಮಾತನ್ನು ಯಾರೂ ಆಡುವುದಿಲ್ಲ, ಎಲ್ಲರೂ ನಂಬಿರುತ್ತಾರೆ.

ಎಂಟನೆಯ ದಿನ ನಾನು ಎಲ್ಲರನ್ನೂ ಕೂರಿಸಿ ಹೇಳಿದೆ: "ನಮ್ಮವ್ವ ಮಂದಿ ಮನಿ ಹಂಡೆ ತಿಕ್ಕಿದ್ಲು, ಹೊಟ್ಟೀಪಾಡಿಗೆ. ನಾ ತೊಳಿಯೂದಿಲ್ಲ ಅನ್ನಾಂಗಿಲ್ಲ. ಆದ್ರ ಈ ಮನ್ಯಾಗ ತೊಳಿಯೂದು ಒಬ್ಬರ ಹಣೀಬರಹ ಅಲ್ಲ. ಹಣೀಬರಹ ಅನ್ನೂದನ್ನ ನಾವು ದೀಕ್ಷಾದಾಗ ಬಿಟ್ಟು ಬಂದೀವಿ."

ಮಗ ನಕ್ಕು, "ಹಂಗಾದ್ರ ತೊಳಿಯೂದು ಹ್ಯಾಂಗಂತ ಕಲಿಸವಾ" ಎಂದ. ಮೇಲೆ ಬರೆದ ಐದು ಹೆಜ್ಜೆ ಅವತ್ತು ಹಾಳೆಯ ಮೇಲೆ ಬರೆದು ಕಟ್ಟೆಯ ಗೋಡೆಗೆ ಅಂಟಿಸಿದ್ದು. ಈಗ ಯಾರು ಮಾಡುತ್ತಾರೋ ಅವರೇ ಒರೆಸುತ್ತಾರೆ. ನಮ್ಮ ಮನೆಯವರಿಗೆ ಕೀಲಿನ ಸಂದಿ ಒರೆಸುವುದರಲ್ಲಿ ನನಗಿಂತ ಹೆಚ್ಚು ಸೈರಣೆ ಇದೆ ಎಂದು ಈಗ ಗೊತ್ತಾಗಿದೆ.

1956ರ ಅಕ್ಟೋಬರ್ 14ರಂದು ನಾಗಪುರದ ದೀಕ್ಷಾಭೂಮಿಯಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಒಂಬತ್ತನೆಯದು ಸಮಾನತೆಯಲ್ಲಿ ನಂಬಿಕೆ ಇಡುವುದಾದರೆ ಹತ್ತನೆಯದು ಸಮಾನತೆಯನ್ನು ನೆಲೆಗೊಳಿಸಲು ದುಡಿಯುವುದು. ಒಂಬತ್ತನೆಯದು ಸುಲಭ, ಕೂತಲ್ಲಿಯೇ ನಂಬಬಹುದು. ಹತ್ತನೆಯದಕ್ಕೆ ಎದ್ದು ಬಟ್ಟೆ ಹಿಡಿಯಬೇಕು.

ಬುದ್ಧರೇ ಇದನ್ನು ಮಾಡಿ ತೋರಿಸಿದರು. ಒಬ್ಬ ಭಿಕ್ಷು ಹೊಟ್ಟೆ ಕೆಟ್ಟು ತನ್ನ ಮಲಮೂತ್ರದಲ್ಲೇ ಬಿದ್ದಿದ್ದ. ಜೊತೆಯ ಭಿಕ್ಷುಗಳು ಯಾರೂ ಅವನತ್ತ ಹೋಗಿರಲಿಲ್ಲ. ಬುದ್ಧರು ಆನಂದನಿಗೆ ನೀರು ತರಲು ಹೇಳಿ, ತಾವೇ ನೀರು ಹಾಕಿದರು, ಆನಂದ ತೊಳೆದ, ಇಬ್ಬರೂ ಸೇರಿ ಎತ್ತಿ ಮಂಚದ ಮೇಲೆ ಮಲಗಿಸಿದರು. ನನ್ನ ಸೇವೆ ಮಾಡಬೇಕೆನ್ನುವವರು ರೋಗಿಯ ಸೇವೆ ಮಾಡಲಿ ಎಂದು ಆಮೇಲೆ ಸಂಘಕ್ಕೆ ತಿಳಿಸಿದರು. ಸಂಘದಲ್ಲಿ ಅತಿ ದೊಡ್ಡವರು ಅತಿ ಕೊಳಕು ಕೆಲಸಕ್ಕೆ ಕೈ ಹಾಕಿದರೆ ಆ ಕೆಲಸಕ್ಕೆ ಕೀಳುತನ ಎಲ್ಲಿ ಉಳಿಯಿತು?

*ಯಂತ್ರ ಯಾಕೆ ಬೇಕು*

ಬಳಗದ ಹಿರಿಯರೊಬ್ಬರು ಕೇಳಿದರು: "ಒಲಿ, ಹಂಚು ಇರಲಿಕ್ಕ ಇಂಥ ಯಂತ್ರ ಯಾಕ ಬೇಕ್ರಿ ಬಾಯಾರ? ಇದೂ ತೃಷ್ಣಾನೇ ಅಲ್ಲೇನು?" ಒಳ್ಳೆಯ ಪ್ರಶ್ನೆ.

ನೆರೆಮನೆಯವರಲ್ಲಿದೆ ಎಂದು ಕೊಂಡು ಅಟ್ಟಕ್ಕೆ ಹಾಕಿದರೆ ಅದು ತೃಷ್ಣೆಯೇ. ಕಂತಿನ ಸಾಲ ಮಾಡಿ ಕೊಂಡರೆ ಅದು ದುಃಖಕ್ಕೂ ದಾರಿ. ಆದರೆ ಯಂತ್ರವೇ ಕೆಟ್ಟದ್ದು ಎಂಬ ಮಾತನ್ನು ಬಾಬಾಸಾಹೇಬರು ಒಪ್ಪಲಿಲ್ಲ. ಮನುಷ್ಯನನ್ನು ಎತ್ತಿನ ದುಡಿಮೆಯಿಂದ ಬಿಡಿಸಿ ಅವನಿಗೆ ಬಿಡುವು ಕೊಡುವುದು ಯಂತ್ರ, ಬಿಡುವಿಲ್ಲದೆ ಓದು, ವಿಚಾರ, ಸಂಸ್ಕೃತಿ ಬೆಳೆಯುವುದಿಲ್ಲ. ಯಂತ್ರದಿಂದ ಕೇಡಾದರೆ ದೋಷ ಯಂತ್ರದ್ದಲ್ಲ, ಅದನ್ನು ಬಳಸುವ ಸಮಾಜ ವ್ಯವಸ್ಥೆಯದು ಎಂಬುದು ಅವರ ನಿಲುವು. ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದಾಗ, 1943ರಲ್ಲಿ, ದೇಶಕ್ಕೆ ಹೇರಳವಾದ ಅಗ್ಗದ ವಿದ್ಯುತ್ ಬೇಕು, ಅದಿಲ್ಲದೆ ಬಡತನದಿಂದ ಪಾರಾಗುವ ದಾರಿಯಿಲ್ಲ ಎಂದು ಅವರು ವಾದಿಸಿದರು. ಇವತ್ತು ಗೃಹಜ್ಯೋತಿಯ ಬಿಲ್ಲು ನೋಡುವಾಗ ಸಂವಿಧಾನದ ಜೊತೆಗೆ ಈ ಕೆಲಸವನ್ನೂ ನೆನೆಯಬೇಕು.

ಹಾಗಾದರೆ ಒಂದು ಯಂತ್ರ ನಮ್ಮ ಮನೆಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯುವುದು ಹೇಗೆ? ಅದು ಉಳಿಸಿದ ಹೊತ್ತು ಯಾರಿಗೆ ಸಿಕ್ಕಿತು ಎಂದು ಕೇಳಿ. ಗ್ರಿಲ್ ಅರ್ಧ ಗಂಟೆ ಉಳಿಸಿ, ಆ ಅರ್ಧ ಗಂಟೆ ಗಂಡಸರ ಮೊಬೈಲಿಗೆ ಹೋಗಿ, ತಿಕ್ಕುವ ಕೆಲಸ ಹೆಂಗಸರಿಗೆ ಹೆಚ್ಚಾದರೆ ಅದು ಹಳೆಯ ವ್ಯವಸ್ಥೆಗೆ ಹೊಸ ಪ್ಲಗ್ ಹಾಕಿದಂತೆ. ಆ ಅರ್ಧ ಗಂಟೆಯಲ್ಲಿ ತಾಯಿಯೂ ಕೂತು 'ಬುದ್ಧ ಮತ್ತು ಆತನ ಧಮ್ಮ'ದ ಎರಡು ಪುಟ ಓದುವಂತಾದರೆ ಯಂತ್ರ ತನ್ನ ಕೆಲಸ ಮಾಡಿತು. ನಾನು ಈ ಬರಹ ಬರೆದದ್ದು ಅಂಥ ಅರ್ಧ ಗಂಟೆಗಳಲ್ಲೇ, ನಾಲ್ಕು ಸಂಜೆ ಕೂತು.

*ಈ ವಾರದ ಅಭ್ಯಾಸ*

ಗ್ರಿಲ್ ಇಲ್ಲದ ಮನೆಯವರು ಬೇಸರಪಡಬೇಡಿ, ಹಂಚು, ಕುಕ್ಕರ್, ಚಹಾದ ಪಾತ್ರೆ ಯಾವುದಾದರೂ ಸರಿ. ಈ ಏಳು ದಿನ ಮೂರು ಕೆಲಸ ಮಾಡೋಣ.

1. ಮನೆಯಲ್ಲಿ ಇದುವರೆಗೆ ಪಾತ್ರೆ ಮುಟ್ಟದವರು ದಿನಕ್ಕೆ ಒಂದು ಪಾತ್ರೆಯನ್ನು, ಪೂರ್ತಿ, ಸಂದಿಯೂ ಸೇರಿ, ತೊಳೆಯಬೇಕು. ಅದನ್ನು ಉಪಕಾರ ಎಂದು ಹೇಳಿಕೊಳ್ಳಬಾರದು.

2. ತೊಳೆಯುವಾಗ ಮನಸ್ಸು ಅಲ್ಲಿಯೇ ಇರಲಿ. ಮೊಬೈಲ್ ದೂರ. ಬಟ್ಟೆ ಕೊಳೆಯಾಗುವುದನ್ನು, ತಟ್ಟೆ ಸ್ವಚ್ಛವಾಗುವುದನ್ನು ಸುಮ್ಮನೆ ನೋಡಿ. ಇದು ಸಮ್ಮಾ ಸತಿಯ ಸಣ್ಣ ಅಭ್ಯಾಸ.

3. ನಮ್ಮ ಮನೆಯಲ್ಲಿ, ಓಣಿಯಲ್ಲಿ, ಕಚೇರಿಯಲ್ಲಿ ತೊಳೆಯಲು ಬರುವವರ ಹೆಸರು ತಿಳಿದುಕೊಂಡು ಹೆಸರಿನಿಂದ ಕರೆಯಿರಿ. ನಾವು ಕುಡಿಯುವ ಕಪ್ಪಿನಲ್ಲೇ ಅವರಿಗೂ ಚಹಾ ಕೊಡಿ. ಮಂದಿ ನಮಗೆ ಬೇರೆ ಕಪ್ಪು ಇಟ್ಟರೆಂದು ನೊಂದವರು ನಾವು. ನಮ್ಮ ಮನೆಯ ಗೂಡಿನಲ್ಲಿ ಯಾರಿಗಾಗಿಯೂ ಬೇರೆ ಕಪ್ಪು ಇರಬಾರದು.

ಆದಿತವಾರ ಅಧ್ಯಯನಕ್ಕೆ ಕೂಡಿದಾಗ ಯಾರ ಮನೆಯಲ್ಲಿ ಏನಾಯಿತು ಎಂದು ಹಂಚಿಕೊಳ್ಳೋಣ. ಅವತ್ತಿನ ನಾಷ್ಟಾ ತರುವ ಪಾಳಿ ಹೆಣ್ಣುಮಕ್ಕಳದು. ಮಾಡಿದವರು ಅವರೇ ಆಗಿರುವುದರಿಂದ ಪಾತ್ರೆಯ ಪಾಳಿ ಉಪಾಸಕರದು. ದಯವಿಟ್ಟು ಒಂದೊಂದು ಮೆತ್ತನೆಯ ಬಟ್ಟೆ ತರಬೇಕಾಗಿ ವಿನಂತಿ.

ಎಲ್ಲರೂ ಸುಖವಾಗಿರಲಿ, ಎಲ್ಲರೂ ಎಚ್ಚರವಾಗಿರಲಿ.

ನಮೋ ಬುದ್ಧಾಯ. ಜೈ ಭೀಮ್. ಜೈ ಸಂವಿಧಾನ.

(ಓದಿದ ಮೇಲೆ ಮನೆಯ ಗಂಡಸರಿಗೂ ಫಾರ್ವರ್ಡ್ ಮಾಡಿ.)